ಕಾಗಕ್ಕನಿಗಿಂತ ದೊಡ್ಡ ಗುಬ್ಬಕ್ಕ

ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಬಂದಾಗ ಇಡೀ ಸೀಮೆಯೇ ಹಿಗ್ಗಿತು. ಬಳ್ಳಾರಿಯ ನಮ್ಮ ಮನೆಯಲ್ಲಿ ಮಾತ್ರ ಆ ಹಿಗ್ಗು ಬೇಸಿಗೆ ರಜೆಯ ಹೊತ್ತಿಗೆ ಉಪದ್ರವವಾಗಿ ಬೆಳೆದಿತ್ತು, ಏಕೆಂದರೆ ಮಕ್ಕಳು ತಾವೂ ಗೊಂಬೆಯಾಟ ಆಡಿಸುವುದಾಗಿ ಓಣಿಗೆಲ್ಲ ಸಾರಿ ಬಂದಿದ್ದರು. ತೊಗಲಿನ ಮಾತೆತ್ತಿದ ಕೂಡಲೇ ಅವ್ವ ದೇವರ ಕೋಣೆಯಿಂದಲೇ ಗದರಿದ್ದರಿಂದ, ಕಪಾಟಿನಲ್ಲಿ ಪೇರಿಸಿಟ್ಟಿದ್ದ ಹಳೆಯ ಲಗ್ನಪತ್ರಿಕೆಗಳ ಮೇಲೆ ಕತ್ತರಿ ಬಿತ್ತು. ಕಡ್ಡಿ ಕಸಬರಿಗೆಯಿಂದ ಕಿತ್ತ ಕಡ್ಡಿಗಳು ಗೊಂಬೆಗಳಿಗೆ ಹಿಡಿಕೆಯಾದವು. ಅಪ್ಪನ ಬಿಳಿ ಪಂಚೆ, ಅವರನ್ನು ಕೇಳದೆಯೇ, ಪರದೆಯಾಯಿತು.

ಆರಿಸಿಕೊಂಡ ಕಥೆ ಕಾಗಕ್ಕ ಗುಬ್ಬಕ್ಕನದು. ಸಗಣಿಯ ಮನೆ ಮಳೆಗೆ ಕರಗಿಹೋದ ಕಾಗಕ್ಕ ಬಂದು ಬಾಗಿಲು ಬಡಿಯುವುದು, ಕಲ್ಲಿನ ಮನೆಯ ಗುಬ್ಬಕ್ಕ ಒಳಗಿನಿಂದಲೇ ಒಂದೊಂದು ನೆಪ ಹೇಳುವುದು, ಇಷ್ಟೇ ಆಟ. ಮಗಳು ಎರಡು ದಿನ ಕುಳಿತು ಗುಬ್ಬಕ್ಕನಿಗೆ ಹಸಿರು ಸೀರೆ ಉಡಿಸಿ ಮೂಗುತಿಯನ್ನೂ ಬರೆದಳು. ದೀಪ ಹಚ್ಚಿ ನೋಡಿದರೆ ಸೀರೆಯೂ ಇಲ್ಲ, ಮೂಗುತಿಯೂ ಇಲ್ಲ. ಗುಬ್ಬಕ್ಕ, ಕಾಗಕ್ಕ ಇಬ್ಬರೂ ಸಮಾನ ಕಪ್ಪಾಗಿದ್ದರು. ಹದಗೊಳಿಸಿ ತೆಳುವಾಗಿಸಿದ ಆಡಿನ ತೊಗಲಿನಲ್ಲಿ ಬೆಳಕು ತೂರಿ ಬರುವುದರಿಂದ ಬಣ್ಣಗಳು ಪರದೆಯ ಮೇಲೆ ಹೊಳೆಯುತ್ತವೆ. ದಪ್ಪ ಲಗ್ನಪತ್ರಿಕೆಗೆ ಆ ಔದಾರ್ಯವಿಲ್ಲ.

ಆದ್ದರಿಂದ ತೆಳು ಕಾಗದದಲ್ಲಿ ಹೊಸ ಗೊಂಬೆಗಳನ್ನು ಕತ್ತರಿಸಿ ಶೇಂಗಾ ಎಣ್ಣೆ ಸವರಲಾಯಿತು. ಎಣ್ಣೆಯು ಕಾಗದದ ನಾರುಗಳ ನಡುವಿನ ಸಂದುಗಳನ್ನು ತುಂಬಿದಾಗ ಬೆಳಕು ಸರಾಗವಾಗಿ ಹಾಯುತ್ತದೆ, ಹಾಗಾಗಿ ಮೂಗುತಿ ನಿಜಕ್ಕೂ ಕಾಣಿಸಿತು. ಆದರೆ ಬೆಳಗಾಗುವಷ್ಟರಲ್ಲಿ ಗುಬ್ಬಕ್ಕ ಮಿರ್ಚಿ ಕಟ್ಟಿಕೊಟ್ಟ ಕಾಗದದಂತೆ ಜೋತುಬಿದ್ದಿದ್ದಳು, ಇರುವೆಗಳ ಸಾಲೊಂದು ಕಪಾಟಿನವರೆಗೂ ಹಬ್ಬಿತ್ತು.

ಪ್ರದರ್ಶನದ ರಾತ್ರಿ ಫ್ಯಾನು ಹಾಕಿದರೆ ದೀಪದ ಕುಡಿ ಓಲಾಡಿ ಕಲ್ಲಿನ ಮನೆಯೇ ನಡುಗುತ್ತಿತ್ತು. ಆರಿಸಿದರೆ ಬಳ್ಳಾರಿಯ ಮೇ ತಿಂಗಳು ಪರದೆಯ ಹಿಂದಿನವರನ್ನು ಬೇಯಿಸುತ್ತಿತ್ತು. ಬೆವರಿದ ಮಗ ಗುಬ್ಬಕ್ಕನನ್ನು ಹಿಡಿದು ಪರದೆಯಿಂದ ಹಿಂದೆ ಸರಿದು ದೀಪದ ಬಳಿ ಹೋದ. ಗೊಂಬೆ ದೀಪಕ್ಕೆ ಹತ್ತಿರವಾದಷ್ಟೂ ನೆರಳು ಹಿಗ್ಗಿ ಅಂಚು ಮಸುಕಾಗುತ್ತದೆ ಎಂಬುದು ಅವನ ವಿಜ್ಞಾನದ ಪುಸ್ತಕದಲ್ಲೇ ಇದೆ, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಬಂದಿದೆ. ಗುಬ್ಬಕ್ಕ ಕಾಗಕ್ಕನ ಮೂರು ಪಟ್ಟು ಬೆಳೆದು ನಿಂತಳು. ಪಕ್ಕದ ಮನೆಯ ಅಜ್ಜಿ, "ಇಷ್ಟು ದೊಡ್ಡಾಕಿ ಕಾಗಿಗೆ ಯಾಕ ಹೆದರತಾಳ? ಬಾಗಿಲಾ ತಗದು ಒಂದು ಬಾರಸಂತ ಹೇಳ್ರಿ" ಎಂದರು. ನಮ್ಮ ಕಲಾವಿದರು ರಾಜರು, ದೇವತೆಗಳ ಗೊಂಬೆಗಳನ್ನು ದೊಡ್ಡದಾಗಿಯೂ ಸೇವಕರ ಗೊಂಬೆಗಳನ್ನು ಚಿಕ್ಕದಾಗಿಯೂ ಮಾಡಿ, ಎಲ್ಲವನ್ನೂ ಪರದೆಗೆ ಒತ್ತಿ ಹಿಡಿಯುತ್ತಾರೆ. ಅಂತಸ್ತು ಹೀಗೆ ಅಡ್ಡಾದಿಡ್ಡಿಯಾಗದಿರಲು ಅದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಕಾಣದು.

ಅಷ್ಟರಲ್ಲಿ ಪಂಚೆ ಹುಡುಕುತ್ತ ಅಪ್ಪ ಪರದೆಯ ಹಿಂದೆಯೇ ಬಂದರು. ದೀಪದ ಮುಂದೆ ಅವರ ಹೊಟ್ಟೆ ಹಾದುಹೋದಾಗ ಪರದೆಯ ಮುಕ್ಕಾಲು ಪಾಲು ಕಪ್ಪಾಯಿತು. ಆಟದಲ್ಲಿ ನಗಿಸಲೆಂದೇ ಬರುವ ಕಿಳ್ಳೇಕ್ಯಾತ ಬಂದನೆಂದು ತಿಳಿದ ಪ್ರೇಕ್ಷಕರು ಶಿಳ್ಳೆ ಹೊಡೆದರು. ಅವನ ಜೋಡಿಯಾದ ಬಂಗಾರಕ್ಕನನ್ನೂ ಕರೆಯಿರೆಂದು ಯಾರೋ ಕೂಗಿದರು. ಅಡುಗೆಮನೆಯಿಂದ ಇಣುಕಿದ ಅವ್ವ ಏನೂ ಹೇಳದೆ ಒಳಗೆ ಹೋದರು.

ಓಣಿಯ ಬೇಡಿಕೆಯ ಮೇರೆಗೆ ಈಗ ಮಕ್ಕಳು ಲಂಕಾದಹನಕ್ಕೆ ಸಿದ್ಧರಾಗುತ್ತಿದ್ದಾರೆ. ಹನುಮಂತ ಹುಟ್ಟಿದನೆಂದು ನಂಬುವ ಅಂಜನಾದ್ರಿ ಬೆಟ್ಟವೇ ಹತ್ತಿರವಿರುವಾಗ ಬೇರೆ ಕಥೆ ಏಕೆ ಎಂಬುದು ಅವರ ವಾದ. ಎಣ್ಣೆ ಕುಡಿದ ಕಾಗದದ ಹನುಮಂತ, ಎಣ್ಣೆ ಕುಡಿದ ಕಾಗದದ ಲಂಕೆ, ನಡುವೆ ಉರಿಯುವ ದೀಪ ಎಂಬ ಯೋಜನೆಯನ್ನು ಕೇಳಿದ ನನ್ನ ಹೆಂಡತಿ ಎರಡು ಷರತ್ತು ಹಾಕಿದ್ದಾಳೆ: ದೀಪದ ಬದಲು ಬಲ್ಬು ಇರಬೇಕು, ಪರದೆ ಅವಳ ಸೀರೆಯಾಗಿರಬಾರದು.