ಪಿಕಪ್ ಹಗುರಾಗಬೇಕಾ? ಮೊದಲು ಗಾರ್ಡ್ ಬಿಚ್ಚಿ

ಹೊಸ ಪಿಕಪ್ ಶೋರೂಮಿನಿಂದ ಹೊರಬಿದ್ದದ್ದೇ ತಡ, ನಮ್ಮ ಕಡೆ ಅದಕ್ಕೆ ಒಡವೆ ತೊಡಿಸುವ ಶಾಸ್ತ್ರ ಶುರು. ಮುಂದೆ ಕಬ್ಬಿಣದ ಗಾರ್ಡ್, ತಲೆ ಮೇಲೆ ಕ್ಯಾರಿಯರ್, ಹಿಂದೆ ಹೆಚ್ಚಿಗೆ ಸ್ಪ್ರಿಂಗ್ ಪ್ಲೇಟ್, ತಳಕ್ಕೆ ಇನ್ನೊಂದು ಚೆಕ್ಕರ್ ಪ್ಲೇಟ್. ಆಮೇಲೆ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತುವಾಗ "ಮೈಲೇಜೇ ಇಲ್ಲ ಮಾರಾಯ" ಅಂತ ಗೋಳು. ಗಾರ್ಡಂತೂ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬೇಡ ಅಂದದ್ದು. ಯಾರು ಕೇಳ್ತಾರೆ!

ಅಮೆರಿಕದ ಫೋರ್ಡ್ ಕಂಪನಿ 2015ರ ಎಫ್-150 ಪಿಕಪ್‌ಗೆ ಅಲ್ಯೂಮಿನಿಯಂ ಬಾಡಿ, ಹೆಚ್ಚು ಬಲದ ಉಕ್ಕಿನ ಚಾಸಿ ಹಾಕಿ 318 ಕೆಜಿವರೆಗೆ ತೂಕ ಇಳಿಸಿತು. ಗಾಡಿಯ ತೂಕ ಶೇ 10 ಇಳಿದರೆ ಮೈಲೇಜ್ ಶೇ 6ರಿಂದ 8 ಏರಬಹುದು ಅನ್ನುವುದು ಅಲ್ಲಿನ ಇಂಧನ ಇಲಾಖೆಯ ಲೆಕ್ಕ. ನಮಗೆ ಅಷ್ಟು ದೂರ ಹೋಗುವುದು ಬೇಡ, ಹಿಂದಿನ ತೊಟ್ಟಿಯೊಂದನ್ನೇ ನೋಡಿ. 3 ಮಿಮೀ ಉಕ್ಕಿನ ಶೀಟು ಚದರ ಮೀಟರಿಗೆ ಸುಮಾರು 23.5 ಕೆಜಿ. ಅಲ್ಯೂಮಿನಿಯಂ ಬೇಗ ಬಾಗುತ್ತದೆ, ಅದಕ್ಕೇ ಸ್ವಲ್ಪ ದಪ್ಪದ್ದು ಬೇಕು, 4.3 ಮಿಮೀ ಅನ್ನಿ. ಆದರೂ 12 ಕೆಜಿ ದಾಟುವುದಿಲ್ಲ.

ಕುಮಟಾದಿಂದ ಶಿರಸಿಗೆ ಸುಮಾರು 590 ಮೀಟರ್ ಏರು. 200 ಕೆಜಿ ಹೆಚ್ಚುವರಿ ಕಬ್ಬಿಣವನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ 100 ಮಿಲಿಯಷ್ಟು ಡೀಸೆಲ್ ಬೇಕು. ಚಕ್ರ ಉರುಳುವ ಖರ್ಚು ಬೇರೆ. ಒಂದು ಸಲಕ್ಕೆ ಚಿಲ್ಲರೆ, ದಿನಾ ಐಸ್ ಮೀನು ಹೊರುವವನಿಗೆ ಚಿಲ್ಲರೆಯಲ್ಲ. ಇಳಿಯುವಾಗ ಅದೇ ಭಾರ ಬ್ರೇಕ್ ಲೈನರ್ ತಿನ್ನುತ್ತದೆ. ಅಂಕೋಲಾ-ಕಾರವಾರ ಹೆದ್ದಾರಿಯ ಕತೆ ಬೇರೆ. ಅಲ್ಲಿ ಭಾರಕ್ಕಿಂತ ಗಾಳಿಯದ್ದೇ ಕಾಟ, ಪಟಪಟ ಹೊಡೆದುಕೊಳ್ಳುವ ಸಡಿಲ ತಾಡಪಾಲು ಬಿಗಿದು ಕಟ್ಟಿದರೂ ಲಾಭ.

ಕರಾವಳಿಯಲ್ಲಿ ಅಲ್ಯೂಮಿನಿಯಂ ಪರ ವಾದಿಸಲು ನನಗೆ ಮೈಲೇಜಿಗಿಂತ ದೊಡ್ಡ ಕಾರಣ ತುಕ್ಕು. ಕಾರವಾರದ ಬೈತಖೋಲ ಬಂದರಿನ ಹತ್ತಿರ ನಿಂತ ಯಾವುದಾದರೂ ಹಳೇ ಮೀನು ಗಾಡಿಯ ಹಿಂಬಾಗಿಲ ಕೆಳಗೆ ಕೈಯಾಡಿಸಿ. ಐಸ್ ನೀರು ಇಳಿಯುವ ಮೂಲೆಯಲ್ಲಿ ಕಬ್ಬಿಣ ಹಪ್ಪಳದ ಹಾಗೆ ಪದರ ಪದರ ಕಳಚಿ ಬರುತ್ತದೆ. ಆದರೆ ಅಲ್ಯೂಮಿನಿಯಂ ಶೀಟನ್ನು ಸೀದಾ ಕಬ್ಬಿಣದ ಬೋಲ್ಟಿನಿಂದ ಚಾಸಿಗೆ ಬಿಗಿದರೆ ಅದೂ ಉಳಿಯದು. ಉಪ್ಪುನೀರು ಸಿಕ್ಕಿದ ಕೂಡಲೇ ಎರಡು ಲೋಹಗಳ ನಡುವೆ ಬ್ಯಾಟರಿ ತಯಾರಾಗಿ, ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ನಡುವೆ ರಬ್ಬರ್ ಪ್ಯಾಕಿಂಗ್, ಬೋಲ್ಟಿಗೆ ನೈಲಾನ್ ಬುಷ್ ಹಾಕಿಸಲೇಬೇಕು. ಬಿರುಕು ಬಿಟ್ಟರೆ ಹಳ್ಳಿಯ ಮಾಮೂಲಿ ವೆಲ್ಡಿಂಗ್ ಅಂಗಡಿಯಲ್ಲಿ ಅದರ ಕೆಲಸ ಸುಲಭಕ್ಕೆ ಆಗುವುದಿಲ್ಲ ಅನ್ನುವುದೂ ನಿಜ, ರೇಟೂ ಜಾಸ್ತಿ.

"ಕಮ್ಮಿಯಾದ ಭಾರದ ಬದಲಿಗೆ ಇನ್ನಷ್ಟು ಕ್ರೇಟ್ ಏರಿಸ್ತೇವೆ, ಡೀಸೆಲ್ ಎಲ್ಲಿ ಉಳೀತು?" ಅಂತ ಕೇಳುವವರಿದ್ದಾರೆ. ಏರಿಸಿ. ಆರ್‌ಸಿಯಲ್ಲಿರುವ ಒಟ್ಟು ತೂಕ ಮೀರದಿದ್ದರೆ ಕಿಲೋ ಮೀನಿಗೆ ಬೀಳುವ ಡೀಸೆಲ್ ಕಮ್ಮಿಯೇ ಆಯ್ತಲ್ಲ.