ಬೂದು ಬಣ್ಣದ ದಿನಗಳು

ಹಳೆಯ ಕಾರನ್ನು ಮೊದಲಿನಂತೆ ಮಾಡಲು ಹೊರಟವರು ಎಂಜಿನ್ನನ್ನು ತಾವೇ ಬಿಚ್ಚುತ್ತಾರೆ, ಬ್ರೇಕ್ ಪೈಪುಗಳನ್ನು ತಾವೇ ಬಗ್ಗಿಸುತ್ತಾರೆ, ವೈರಿಂಗನ್ನೂ ಹೇಗೋ ನಿಭಾಯಿಸುತ್ತಾರೆ. ಬಾಡಿ ಕೆಲಸ, ಪೇಂಟು ಎಂದ ಕೂಡಲೇ ಕೈ ಹಿಂದೆ ಸರಿಯುತ್ತದೆ. ಎಂಜಿನ್ನಿನಲ್ಲಾದ ಎಡವಟ್ಟು ಬಾನೆಟ್ಟಿನ ಕೆಳಗೆ ಅಡಗಿರುತ್ತದೆ. ತಗಡಿನದು ಬೀದಿಗೆಲ್ಲ ಕಾಣುತ್ತದೆ. ಹಾಗಾಗಿ ಕಾರು ಲಾರಿ ಹತ್ತಿ ಪೇಂಟರನ ಶೆಡ್ಡಿಗೆ ಹೋಗುತ್ತದೆ. ಮನೆಯಲ್ಲಿ ಉಳಿಯುವುದು ಒಂದಷ್ಟು ಡಬ್ಬ, ಒಂದಷ್ಟು ಚೀಲ, ಮತ್ತೆ ಯಾವ ಬಣ್ಣ ಎಂಬ ಮುಗಿಯದ ಚರ್ಚೆ.

ಆ ಚರ್ಚೆ ಎಷ್ಟು ನಡೆದರೂ ಬಣ್ಣ ಕಾರಿನ ಮೇಲೆ ಕೂರುವುದು ಕಡೆಯ ಒಂದೆರಡು ದಿನ ಮಾತ್ರ. ತಲೆ ಕೆಡಿಸಿಕೊಳ್ಳಬೇಕಾದದ್ದು ಕಾರಿನ ಜೊತೆ ಏನೇನು ಕಳಿಸಬೇಕು ಎಂಬುದಕ್ಕೆ. ಬಾಗಿಲ ಹಿಂಜಿನ ಹಿಂದೆ ತೆಳ್ಳನೆಯ ತಗಡಿನ ತುಂಡುಗಳಿರುತ್ತವೆ. ಶಿಮ್ ಎನ್ನುತ್ತಾರೆ, ನೋಡಿದರೆ ಕಸ. ಎರಡು ಹಿಂಜುಗಳ ನಡುವೆ 40 ಸೆಂಟಿಮೀಟರ್ ಅಂತರ, ಬಾಗಿಲು ಒಂದು ಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಮೇಲಿನ ಹಿಂಜಿನ ಒಂದು ಮಿಲಿಮೀಟರ್ ಶಿಮ್ ಕಳೆದುಹೋದರೆ ಬಾಗಿಲ ಹಿಂದಿನ ಅಂಚು ಎರಡೂವರೆ ಮಿಲಿಮೀಟರ್ ಮೇಲೇಳುತ್ತದೆ. ಬಾಗಿಲ ಸುತ್ತಲಿನ ಸಂದೇ ನಾಲ್ಕೈದು ಮಿಲಿಮೀಟರ್ ಇರುವಾಗ ಇದು ದೊಡ್ಡ ಮಾತು. "ಎಡ ಮುಂಬಾಗಿಲು, ಮೇಲಿನ ಹಿಂಜು, 2" ಎಂದು ಚೀಟಿ ಬರೆದು ಚೀಲದೊಳಗೆ ಹಾಕಬೇಕು. ಚೀಲದ ಮೇಲೆ ಬರೆದದ್ದನ್ನು ಥಿನ್ನರ್ ಅಳಿಸಿಬಿಡುತ್ತದೆ.

ಹೊಸ ರಬ್ಬರ್ ಬೀಡಿಂಗನ್ನೂ ಕಾರಿನ ಜೊತೆಗೇ ಕಳಿಸಬೇಕು. ಇದನ್ನು ಮರೆಯುವವರೇ ಹೆಚ್ಚು. ಈಗ ಸಿಗುವ ಬೀಡಿಂಗ್ ಎಷ್ಟೋ ಸಲ ಮೂಲದ್ದಕ್ಕಿಂತ ದಪ್ಪ, ಗಟ್ಟಿ. ಬರೀ ತಗಡಿನಲ್ಲಿ ಅಂದವಾಗಿ ಕೂತ ಬಾಗಿಲು ಬೀಡಿಂಗ್ ಅಂಟಿಸಿದ ಮೇಲೆ ಹೊರಗೆ ಉಬ್ಬಿ ನಿಲ್ಲುತ್ತದೆ. ಗಾಜು, ಗಾಜು ಏರಿಸುವ ಯಂತ್ರ, ಲಾಕು ಸೇರಿದರೆ ಅದೇ ಬಾಗಿಲು ಭಾರಕ್ಕೆ ಜೋಲುತ್ತದೆ. ಸಂದು ಹೊಂದಿಸುವಾಗ ಇವೆಲ್ಲ ಒಮ್ಮೆ ಬಾಗಿಲೊಳಗೆ ಕೂತಿರಬೇಕು, ಕಾರು ತನ್ನ ಚಕ್ರಗಳ ಮೇಲೆ ನಿಂತಿರಬೇಕು. ಎರಡೆರಡು ಕೆಲಸ ಎಂದು ಪೇಂಟರ್ ಗೊಣಗುತ್ತಾನೆ. ಗೊಣಗಲಿ.

ಹಳೆಯ ಬಣ್ಣ ತೆಗೆಯಲು ಮರಳು ಬಡಿಸುವುದೊಂದು ದಾರಿ. ಚಾಸಿಗೆ, ದಪ್ಪ ಬ್ರಾಕೆಟ್ಟುಗಳಿಗೆ ಅದು ಸರಿ. ಬಾನೆಟ್, ಟಾಪಿನಂಥ ಅಗಲವಾದ ತಗಡಿಗೆ ಜೋರಾಗಿ ಹೊಡೆದರೆ ಮರಳಿನ ಒಂದೊಂದು ಕಣವೂ ಪುಟ್ಟ ಸುತ್ತಿಗೆಯ ಹಾಗೆ ಮೇಲ್ಮೈಯನ್ನು ಹಿಗ್ಗಿಸಿ, ತಗಡು ಹಪ್ಪಳದಂತೆ ಏಳುತ್ತದೆ. ಬರೀ ತಗಡು ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪಗಾಗುವುದರಿಂದ ಎಪಾಕ್ಸಿ ಪ್ರೈಮರ್ ಎಂಬ ಅಡಿಬಣ್ಣ ಅದೇ ದಿನ ಬೀಳಬೇಕು. ಬಾಗಿಲ ಕೆಳಗಿನ ಹೊಸ್ತಿಲಿನಂಥ ಸಿಲ್ಲಿನ ಪೊಳ್ಳಿನಲ್ಲಿ ಉಳಿದ ಮರಳು ಸುಮ್ಮನೆ ಕೂರುವುದಿಲ್ಲ. ತಿಂಗಳು ಕಳೆದ ಮೇಲೆ, ಹಸಿ ಬಣ್ಣದ ಮುಂದೆ ಸ್ಪ್ರೇ ಗನ್ನಿನ ಗಾಳಿ ಬೀಸಿದಾಗ ಹೊರಗೆ ಬಂದು ಕೂರುತ್ತದೆ. ಇಷ್ಟಕ್ಕೂ, ಬಣ್ಣ ಕಳಚಿದ ದಿನ ಹಿಂದಿನ ಮಾಲೀಕರ ಪಾಪಗಳೆಲ್ಲ ಬಯಲಾಗುತ್ತವೆ. ತೂತಿನ ಮೇಲೆ ತಗಡು, ಅದರ ಮೇಲೆ ಪುಟ್ಟಿ, ಅದರ ಮೇಲೆ ಇನ್ನೊಂದು ತಗಡು. ಮೊದಲು ಕೊಟ್ಟ ಅಂದಾಜು ಪಟ್ಟಿಯನ್ನು ಅವತ್ತೇ ಹರಿದು ಹೊಸದು ಬರೆಸಿಕೊಳ್ಳುವುದು ಮರ್ಯಾದೆ.

ಪುಟ್ಟಿ ಎಂದರೆ ಮೂಗು ಮುರಿಯುವವರಿದ್ದಾರೆ. ಮೇಲೆ ಥಳಕು ಒಳಗೆ ಹುಳುಕು ಎಂಬ ಮಾತು ಅದಕ್ಕೆ ಅಂಟಿಕೊಂಡುಬಿಟ್ಟಿದೆ. ತಗಡನ್ನು ಸುತ್ತಿಗೆಯಿಂದ ತಟ್ಟಿ ಸಾಕಷ್ಟು ಸಮ ಮಾಡಿ, ಮೇಲೆ ಎರಡು ಮೂರು ಮಿಲಿಮೀಟರಿನೊಳಗೆ ಸವರಿದ ಪುಟ್ಟಿಯಲ್ಲಿ ತಪ್ಪಿಲ್ಲ. ತಪ್ಪು ಕಲಸುವುದರಲ್ಲಿ ಆಗುತ್ತದೆ. ಗಟ್ಟಿಗೊಳಿಸುವ ಹಾರ್ಡನರ್ ನೂರು ಗ್ರಾಮಿಗೆ ಸುಮಾರು ಎರಡು ಗ್ರಾಮ್ ಸಾಕು. ಬೇಗ ಒಣಗಲಿ ಎಂದು ಹೆಚ್ಚು ಹಾಕಿದರೆ ಹಾರ್ಡನರಿನ ಮಿಕ್ಕಿದ ಪೆರಾಕ್ಸೈಡ್ ಮೇಲಿನ ಬಣ್ಣದೊಳಗೆ ಏರಿ ಕಲೆಯಾಗಿ ಮೂಡುತ್ತದೆ. ಕಡಿಮೆಯಾದರೆ ಪುಟ್ಟಿ ಅಂಟಂಟಾಗಿಯೇ ಉಳಿಯುತ್ತದೆ. ಪುಟ್ಟಿ ನೀರು ಕುಡಿಯುವ ಜಾತಿ, ಅದನ್ನು ನೀರು ಹಾಕದೆಯೇ ಉಜ್ಜಬೇಕು.

ಈಗ ಕಾರು ಬೂದು ಬಣ್ಣಕ್ಕೆ ತಿರುಗಿರುತ್ತದೆ. ದಪ್ಪ ಪ್ರೈಮರ್ ಬಿದ್ದಿದೆ; ಗಾಜಿಲ್ಲ, ದೀಪವಿಲ್ಲ, ನೋಡಲು ಏನೂ ಇಲ್ಲ. ಮಾಲೀಕ ಬಂದು ನೋಡಬೇಕಾದ ದಿನ ಇದೇ. ಬೂದು ಪ್ರೈಮರಿನ ಮೇಲೆ ಕಪ್ಪು ಬಣ್ಣವನ್ನು ತುಂತುರು ಮಳೆಯಂತೆ ತೆಳ್ಳಗೆ ಸಿಂಪಡಿಸುತ್ತಾರೆ. ಆಮೇಲೆ ಮೊಳದುದ್ದದ ಚಪ್ಪಟೆ ಬ್ಲಾಕಿಗೆ 320 ನಂಬರಿನ ಉಜ್ಜುಕಾಗದ ಸುತ್ತಿ, ಓರೆಯಾಗಿ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಉಜ್ಜುತ್ತಾರೆ. ಸಮ ಇದ್ದಲ್ಲಿ ಕಪ್ಪು ಮಾಯ. ತಗ್ಗಿದ್ದಲ್ಲಿ ಕಪ್ಪು ಕೆರೆಯಂತೆ ಉಳಿಯುತ್ತದೆ. ಉಬ್ಬಿದ್ದಲ್ಲಿ ಬೂದು ಸವೆದು ತಗಡೇ ಇಣುಕುತ್ತದೆ. ಬರೀ ಬೆರಳಿಂದ ಒತ್ತಿ ಉಜ್ಜುವವನು ಕಪ್ಪನ್ನೂ ತೆಗೆಯುತ್ತಾನೆ, ತಗ್ಗನ್ನೂ ಉಳಿಸುತ್ತಾನೆ. ಬ್ಲಾಕಿಗೆ ಆ ಜಾಣತನ ಇಲ್ಲ. ಬಾಗಿಲ ಮೇಲೆ ನೀರು ಸವರಿ ಪಕ್ಕದಿಂದ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿದರೆ, ಮುಂದೆ ಬಣ್ಣ ಬಿದ್ದಾಗ ಕಾಣಲಿರುವ ಅಲೆಗಳೆಲ್ಲ ಈಗಲೇ ಕಾಣುತ್ತವೆ. ಮಂಕು ಪ್ರೈಮರ್ ಎಲ್ಲವನ್ನೂ ಮುಚ್ಚಿಡುತ್ತದೆ, ಹೊಳಪು ಬಣ್ಣ ಎಲ್ಲವನ್ನೂ ಆಡಿಬಿಡುತ್ತದೆ.

ಪೇಂಟರನ "ಮುಂದಿನ ವಾರ" ದರ್ಜಿಯ "ನಾಳೆ"ಗೆ ಅಣ್ಣನೇ. ಆದರೂ ಪ್ರೈಮರ್ ಹಂತದಲ್ಲಿ ಅವನನ್ನು ಅವಸರಿಸಬಾರದು. ಒಳಗಿನ ಥಿನ್ನರ್ ಆರುವ ಮೊದಲೇ ಬಣ್ಣ ಮುಚ್ಚಿದರೆ ಪ್ರೈಮರ್ ನಿಧಾನವಾಗಿ ಆರುತ್ತ ಕುಗ್ಗಿ, ಕೆಲವು ವಾರಗಳ ಮೇಲೆ ಉಜ್ಜಿದ ಗೆರೆಗಳು ಮತ್ತೆ ಏಳುತ್ತವೆ. ಹಾಗಂತ ಪ್ರೈಮರಿನಲ್ಲಿರುವ ಕಾರನ್ನು ಮಳೆಗೆ ಬಿಡುವಂತಿಲ್ಲ. ಎಪಾಕ್ಸಿಯನ್ನು ಬಿಟ್ಟರೆ ಬಹುಪಾಲು ಪ್ರೈಮರುಗಳು ತೇವ ಒಳಬಿಡುತ್ತವೆ.

ಬಣ್ಣದ ದಿನದ ಬಗ್ಗೆ ಹೇಳುವುದು ಕಡಿಮೆ. ಒಂದು ಕಾಲಕ್ಕೆ ಬ್ರಷ್ಷಿನಲ್ಲಿ ವಾರಗಟ್ಟಲೆ ಹಚ್ಚಿ ಒಣಗಿಸುತ್ತಿದ್ದರು. 1923ರಲ್ಲಿ ಡ್ಯೂಪಾಂಟ್ ಕಂಪನಿಯ ಡ್ಯೂಕೋ ಎಂಬ ಬಣ್ಣ ಬಂದು ಆ ಕೆಲಸವನ್ನು ಗಂಟೆಗಳಿಗೆ ಇಳಿಸಿತು. ಆ ಹೆಸರು ಇಂದಿಗೂ ಕೆಲವರ ಬಾಯಲ್ಲಿ ಕಾರಿನ ಪೇಂಟಿಗೆಲ್ಲ ಸಲ್ಲುತ್ತದೆ. ಈಗಿನ ಕ್ರಮದಲ್ಲಿ ಬಣ್ಣ ಎರಡು ಮೂರು ಕೋಟು, ಮೇಲೆ ಕ್ಲಿಯರ್ ಎಂಬ ಪಾರದರ್ಶಕ ಲೇಪ ಎರಡು. ಶೆಡ್ಡಿನಲ್ಲಿ ಯಾರೋ ಡ್ಯಾಶ್‌ಬೋರ್ಡಿಗೆ ಸಿಲಿಕೋನ್ ಪಾಲಿಶ್ ಹೊಡೆದರೂ ಸಾಕು, ಹಸಿ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಬಿರಿಯುತ್ತದೆ. ಮೆಟಾಲಿಕ್ ಬಣ್ಣವಾದರೆ ಬಿಡಿ ಬಾಗಿಲನ್ನು ಮಲಗಿಸಿ ಹೊಡೆಯಬಾರದು. ಒಳಗಿನ ಅಲ್ಯೂಮಿನಿಯಂ ಚೂರುಗಳು ಬೇರೆ ರೀತಿ ಕೂತು, ಅದೇ ಡಬ್ಬದ ಬಣ್ಣವೂ ಪಕ್ಕದ ಫೆಂಡರಿಗೆ ಹೊಂದುವುದಿಲ್ಲ.

ಕಾರು ಹೊಳೆಯುತ್ತ ವಾಪಸ್ ಬಂದಾಗ ಎಲ್ಲರೂ ಮೇಲೆ ನೋಡುತ್ತಾರೆ. ಬಗ್ಗಿ ಬಾಗಿಲ ಕೆಳಗಂಚನ್ನೂ ಸಿಲ್ಲನ್ನೂ ನೋಡುವುದು ಲೇಸು. ನೀರು ಇಳಿಯುವ ತೂತುಗಳು ಸೀಲರಿನಿಂದಲೋ ಬಣ್ಣದಿಂದಲೋ ಮುಚ್ಚಿಹೋಗಿದ್ದರೆ ತುಕ್ಕು ಒಳಗಿನಿಂದ ಮತ್ತೆ ಶುರು. ಪೊಳ್ಳುಗಳಿಗೆ ಮೇಣ ಹೊಡೆಯುವುದು ತೂತು ಬಿಡಿಸಿದ ಮೇಲೆ. ಬಂಪರ್ ಕೂರಿಸುವಾಗ ಅಂಚುಗಳಿಗೆ ಎರಡು ಪದರ ಮಾಸ್ಕಿಂಗ್ ಟೇಪು, ಹಿಡಿಯಲು ಇನ್ನೊಬ್ಬರು ಬೇಕು. ಮೊದಲ ಗೀರು ಬಹುತೇಕ ಮಾಲೀಕರ ಸ್ಪ್ಯಾನರಿನದೇ. ದೂಳು ಬೀಳದಿರಲೆಂದು ಆ ರಾತ್ರಿಯೇ ಕವರ್ ಎಳೆದು ಬಿಗಿಯುವುದೂ ಬೇಡ. ಬಣ್ಣ ಒಳಗಿನ್ನೂ ಮೆತ್ತಗಿರುತ್ತದೆ; ಬೆಳಿಗ್ಗೆ ತೆಗೆದರೆ ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಬಾನೆಟ್ಟಿನ ಮೇಲೆ ಅಚ್ಚಾಗಿರುತ್ತದೆ.