ಸನ್ಮಾನ ಸರಿ, ಟ್ಯಾಂಕಿನ ತಳ ನೋಡೋರಿಗೆ ಯಾಕಿಲ್ಲ?

ಪೆಟ್ರೋಲ್ ಬಂಕ್ ಮತ್ತು ಅದರ ಪಕ್ಕದ ಅಂಗಡಿಗಳ ತಂತ್ರಜ್ಞಾನ ನಾಯಕರಿಗೆ ಸನ್ಮಾನ ಅನ್ನೋ ಲೇಖನ ಓದಿದೆ. ಮಾಡಲಿ, ಬೇಡ ಅನ್ನಲ್ಲ. ಆದರೆ ಅದರಲ್ಲಿರೋ ‘ಆ್ಯಪ್ ಬಂದ ಮೇಲೆ ಬಂಕಿನ ಚಿತ್ರವೇ ಬದಲಾಯ್ತು’ ಅನ್ನೋ ಮಾತು ಒಪ್ಪೋಕಾಗಲ್ಲ. ಮಂಡ್ಯದ ಬಂಕಲ್ಲಿ ಕೆಲಸ ಮಾಡ್ತೀನಿ. ಇಲ್ಲಿ ಚಿಲ್ಲರೆ ಜಗಳ ನಿಲ್ಲಿಸಿದ್ದು 2016ರಲ್ಲಿ ಶುರುವಾದ ಯುಪಿಐ, ಅಷ್ಟೇ.

ನಿಜವಾದ ತಲೆನೋವು ನೆಲದಡಿಯ ಟ್ಯಾಂಕಿನಲ್ಲಿದೆ. ಈಗ ಪೆಟ್ರೋಲಿಗೆ ಶೇ 20ರವರೆಗೆ ಎಥೆನಾಲ್ ಬೆರೆಸ್ತಾರೆ (ಕಬ್ಬಿನ ಜಿಲ್ಲೆಯವರು ನಾವು, ಅದಕ್ಕೆ ತಕರಾರಿಲ್ಲ). ಮಳೆನೀರು ಟ್ಯಾಂಕಿಗೆ ಇಳಿದರೆ ಎಥೆನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಕೂರುತ್ತೆ, ಬೈಕು ದಾರೀಲೇ ನಿಲ್ಲುತ್ತೆ. ಬೆಳಿಗ್ಗೆ ಕಡ್ಡಿ ತುದಿಗೆ ನೀರು ತಗುಲಿದರೆ ಬಣ್ಣ ಬದಲಾಗೋ ಪೇಸ್ಟ್ ಹಚ್ಚಿ ಇಳಿಸಿ, ಬಣ್ಣ ತಿರುಗಿತಾ ಅಂತ ನೋಡೋ ಕೆಲಸವನ್ನ ಟ್ಯಾಂಕಿನೊಳಗಿನ ಸೆನ್ಸರ್ ದಿನವಿಡೀ ಮಾಡುತ್ತೆ. ಆ ಸೆನ್ಸರ್ ಮಾಡಿದವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ ಸ್ವಾಮಿ.